ಅಲ್ಪಾಕಾ ಕೂದಲಿನೊಳಗಿನ ಉಸಿರು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳಿಗೆ ಹೆಸರಿರಲಿಲ್ಲ, ಗಾಳಿಗೆ ಮಾತಿತ್ತು. ಒಂಟೆಯ ದೂರದ ನೆಂಟನಾದ ಉದ್ದ ಕತ್ತಿನ ಅಲ್ಪಾಕಾಗೂ ಮಾತಿತ್ತು. ಆದರೆ ಅದರ ಉಣ್ಣೆ ಆಗ ಏನೇನೂ ಚೆನ್ನಾಗಿರಲಿಲ್ಲ. ಭಾರ, ಜಿಡ್ಡು, ತೊಟ್ಟರೆ ಮೈಯೆಲ್ಲ ನವೆ.

ಮೋಡಕ್ಕಿಂತ ಎತ್ತರದ ಬೆಟ್ಟವೊಂದರಲ್ಲಿ ಉರ್ಪಿ ಎಂಬ ತಾಯಿ ಇದ್ದಳು. ಅವಳಿಗೆ ಒಬ್ಬಳೇ ಪುಟ್ಟ ಮಗಳು, ಒಂದೇ ಅಲ್ಪಾಕಾ. ಅವಳ ಜನರಲ್ಲಿ ಒಂದು ಕಟ್ಟಳೆಯಿತ್ತು: ಮರಿ ಹಾಕಿದ ತಾಯಿಯ ಉಣ್ಣೆಗೆ, ಮರಿ ಬಲಿಯುವ ತನಕ ಅಲಗು ತಾಗಿಸಬಾರದು.

ಒಂದು ಬೆಳಗ್ಗೆ ಅಲ್ಪಾಕಾ ಮರಿ ಹಾಕಿತು. ಮಧ್ಯಾಹ್ನ ಚಳಿಗಾಳಿ ಬಂದು ಬಾಗಿಲಲ್ಲಿ ನಿಂತಿತು.

"ಉರ್ಪೀ, ಹೊತ್ತು ಮುಳುಗುವಾಗ ಬರ್ತೀನಿ. ಬರಿಗಾಲು ಕಂಡ್ರೆ ಬಿಡೋದಿಲ್ಲ."

ಮಗಳ ಕಾಲುಚೀಲ ಹರಿದು ಚಿಂದಿಯಾಗಿತ್ತು. ಉರ್ಪಿ ಅಲಗು ಹಿಡಿದು ಅಲ್ಪಾಕಾ ಬಳಿ ಓಡಿದಳು.

"ಒಂದು ಹಿಡಿ ಉಣ್ಣೆ ಕೊಡವ್ವಾ. ಇಲ್ದಿದ್ರೆ ಮಗಳು ಸಾಯ್ತಾಳೆ."

"ನನ್ನ ಮರಿ?"

"ಗಾಳಿ ಬರೋ ಮೊದ್ಲೇ ಇಬ್ಬರನ್ನೂ ಒಳಗೆ ಕರೀತೀನಿ. ನನ್ನಾಣೆ."

ಅಲ್ಪಾಕಾ ಕತ್ತು ಬಾಗಿಸಿತು. ಆದರೆ ಒಂದು ಹಿಡಿ ಸಾಲಲಿಲ್ಲ. ಆ ಉಣ್ಣೆಯಲ್ಲಿ ಬಿಸಿಯೇ ನಿಲ್ಲುತ್ತಿರಲಿಲ್ಲ. ಇನ್ನೊಂದು ಹಿಡಿ ಎಂದಳು. ಮತ್ತೊಂದು ಹಿಡಿ ಎಂದಳು. ಅಲ್ಪಾಕಾ ಬೋಳಾಯಿತು. ಉರ್ಪಿ ಒಳಗೆ ಕೂತು ತಲೆ ಎತ್ತದೆ ಹೆಣೆದಳು. ಗಾಳಿ ಬೀಸಿತೆಂದು ಎದ್ದು ಬಾಗಿಲು ಹಾಕಿದಳು, ಮತ್ತೆ ಹೆಣೆದಳು. ಕೊಟ್ಟ ಮಾತು ಅವಳಿಗೆ ನೆನಪೇ ಆಗಲಿಲ್ಲ.

ಬೆಳಗಾಯಿತು. ಮಗಳು ಬದುಕಿದ್ದಳು. ಹೊರಗೆ ಮರಿ ಸೆಟೆದು ಬಿದ್ದಿತ್ತು. ಅಲ್ಪಾಕಾ ಅದರ ಮೂಗಿಗೆ ಮೂಗು ಒತ್ತಿ ನಿಂತಿತ್ತು.

ಉರ್ಪಿ ಮರಿಯ ಪಕ್ಕ ಕೂತಳು. "ಮರೆತೆ ಕಣವ್ವಾ... ಮರೆತೇಬಿಟ್ಟೆ."

"ನಿನ್ನ ಮಗಳು?"

"ಇದ್ದಾಳೆ."

"ಇರಲಿ," ಎಂದಿತು ಅಲ್ಪಾಕಾ.

ಅಷ್ಟರಲ್ಲಿ ಚಳಿಗಾಳಿ ಮತ್ತೆ ಬಂತು. "ಸತ್ತವರ ಉಸಿರು ನನಗೆ ಸೇರಬೇಕು. ಮರಿಯ ಉಸಿರು ಎಲ್ಲಿ? ಕೊಡು."

"ಅದನ್ನ ನಾನು ಒಳಗೆಳಕೊಂಡಿದ್ದೀನಿ. ಕೊಡೋದಿಲ್ಲ."

ಅದೇ ಅಲ್ಪಾಕಾ ಆಡಿದ ಕಡೆಯ ಮಾತು. ಬಾಯಿ ತೆರೆದರೆ ಉಸಿರು ಹೋದೀತೆಂದು ಅದು ಮತ್ತೆ ಮಾತಾಡಲಿಲ್ಲ.

ಆಮೇಲೆ ಬೆಳೆದ ಉಣ್ಣೆಯೇ ಬೇರೆ. ಜಿಡ್ಡಿಲ್ಲ, ನವೆಯಿಲ್ಲ. ಒಂದೊಂದು ಕೂದಲೂ ಒಳಗೆ ಟೊಳ್ಳು, ಆ ಟೊಳ್ಳಿನಲ್ಲಿ ಮರಿಯ ಉಸಿರು. ಉರ್ಪಿ ಬದುಕಿದ್ದಷ್ಟು ಕಾಲ ಊರ ಮಕ್ಕಳಿಗೆಲ್ಲ ಅದರಲ್ಲಿ ಕಾಲುಚೀಲ ಹೆಣೆದಳು. ತನ್ನ ಕಾಲಿಗೆ ಮಾತ್ರ ಒಂದನ್ನೂ ಹಾಕಿಕೊಳ್ಳಲಿಲ್ಲ.

ಅದಕ್ಕೇ ಮಗೂ, ಅಲ್ಪಾಕಾ ಇಂದಿಗೂ ಬಾಯಿ ಮುಚ್ಚಿಕೊಂಡೇ "ಹ್ಮ್ ಹ್ಮ್" ಎಂದು ಗುನುಗುತ್ತದೆ. ಅದರ ಉಣ್ಣೆಯ ಹಗುರ ಕಾಲುಚೀಲ ತೊಟ್ಟ ನಿನ್ನ ಪಾದ ಬೆಚ್ಚಗಾಗುವುದು, ಬಾಗಿಲ ಹೊರಗೆ ಉಳಿದ ಆ ಮರಿಯ ಉಸಿರಿನಿಂದ.