ಹುಣಸೆಮರದ ಬಳಿ ಎಡಕ್ಕೆ

"ಕಾಗೆಯಣ್ಣ, ಇಲ್ಲೊಂದು ಹುಣಸೆಮರ ಇರಬೇಕಿತ್ತಲ್ಲ?"

ಕೊರಳಿಗೆ ಔಷಧಿಯ ಚೀಲ ಕಟ್ಟಿಕೊಂಡ ಅಂಚೆ ಪಾರಿವಾಳ ಮೂರನೆಯ ಸುತ್ತು ಹೊಡೆಯುತ್ತಾ ಕೇಳಿತು. ಹೊತ್ತು ಮುಳುಗುವುದರೊಳಗೆ ಔಷಧಿ ತಲುಪದಿದ್ದರೆ ರೋಗಿಯ ಗತಿ ಏನೋ, ತನ್ನ ಕೆಲಸದ ಗತಿ ಏನೋ ಎಂಬ ಚಿಂತೆ ಅದಕ್ಕೆ.

"ನಾನು ಕೂತಿರುವುದೇ ಅದರ ಮೋಟಿನ ಮೇಲೆ, ತಾಯಿ. ಮರ ಕಡಿದು ವರ್ಷವಾಯಿತು."

"ಅಂಚೆ ದಾರಿಯ ಆನ್‌ಲೈನ್ ಪಾಠದಲ್ಲಿ ಹುಣಸೆಮರದ ಬಳಿ ಎಡಕ್ಕೆ ತಿರುಗಿ ಎಂದಿದ್ದರು! ಪರೀಕ್ಷೆಯಲ್ಲಿ ನನಗೆ ನೂರಕ್ಕೆ ನೂರು. ಪ್ರಮಾಣಪತ್ರವೂ ಇದೆ."

"ಅದನ್ನು ಈ ಮೋಟಿಗೆ ತೋರಿಸು. ಈ ವಾರ ಹೀಗೆ ಬಂದವರಲ್ಲಿ ನೀನು ನಾಲ್ಕನೆಯವಳು."

"ನಾಲ್ಕನೆಯವಳೇ? ಪಾಠದ ಗುಂಪಿನಲ್ಲಿ ಎಲ್ಲರೂ 'ಅರ್ಥವಾಯಿತು, ಧನ್ಯವಾದ' ಎಂದೇ ಬರೆದಿದ್ದಾರಲ್ಲ!"

"ನೀನೇನು ಬರೆದೆ?"

ಪಾರಿವಾಳ ಕೊಕ್ಕು ತಗ್ಗಿಸಿತು. "ಅದನ್ನೇ."

"ಮುಂದೆ ನೀರಿನ ಟ್ಯಾಂಕ್ ಸಿಗುತ್ತದೆ. ಅಲ್ಲಿ ಎಡಕ್ಕೆ ತಿರುಗು. ದಾರಿ ಹೇಳಿದ್ದಕ್ಕೆ ನನಗೆ ಕಾಳು ಬೇಡ. ದಾರಿ ತಪ್ಪಿದ್ದೆ ಅಂತ ಆ ಗುಂಪಿನಲ್ಲಿ ಬರೆ, ಸಾಕು."

"ಬರೆದರೆ ನನ್ನ ಮರ್ಯಾದೆ?"

"ಬರೆಯದಿದ್ದರೆ ಐದನೆಯವಳ ಚೀಲದ ಔಷಧಿ?"

ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಪಾರಿವಾಳ ರೋಗಿಯ ಮನೆ ಮುಟ್ಟಿತು. ಗೂಡಿಗೆ ಮರಳಿ ಗುಂಪನ್ನು ತೆರೆದಾಗ, 'ಅರ್ಥವಾಯಿತು' ಎಂದವರ ಸಾಲು ಇನ್ನೂ ಉದ್ದವಾಗಿತ್ತು. ಎರಡು ಸಲ ಬರೆದು ಅಳಿಸಿತು. ಕೊನೆಗೆ, "ಹುಣಸೆಮರ ಈಗಿಲ್ಲ. ನಾನು ದಾರಿ ತಪ್ಪಿದ್ದೆ. ಟ್ಯಾಂಕಿನ ಬಳಿ ಎಡಕ್ಕೆ ತಿರುಗಿ" ಎಂದು ಬರೆದು, ಕಣ್ಣು ಮುಚ್ಚಿಕೊಂಡು ಕಳಿಸಿ, ಕಾಗೆಯ ಋಣ ತೀರಿಸಿತು.