ಬಾಗಿನದ ಬಯಲು

ಗಣಿಹಾಳದ ಅಗಸೆ ದಾಟಿ ಮೂಡಣಕ್ಕೆ ನಡೆದರೆ, ನಡುವೆ ಬಾಯ್ದೆರೆದ ಹಳೆಯ ಏರಿಯೊಂದು ಸಿಗುತ್ತದೆ. ಅದರಾಚೆ ನೀರಿಲ್ಲ. ಬಳ್ಳಾರಿ ಜಾಲಿ, ಮೇಯುವ ಕುರಿಗಳು, ನಟ್ಟನಡುವೆ ಕುಸಿದ ದೊಡ್ಡ ಹೊಂಡ. ಈ ಒಣನೆಲಕ್ಕೆ ಬಾಗಿನದ ಬಯಲು ಎಂದು ಹೆಸರು. ಬಾಗಿನ ಕೊಡುವುದು ತುಂಬಿದ ಕೆರೆಗೆ. ಹನಿ ನೀರಿಲ್ಲದ ಬಯಲಿಗೆ ಆ ಹೆಸರೇಕೆ ಎಂದು ಕೇಳದ ಪರಸ್ಥಳದವರಿಲ್ಲ.

ಹಿಂದೆ ಒಮ್ಮೆ ಈ ಊರಿನ ಗಂಡಸರು ನೆಲದಡಿಯ ಸುರಂಗಗಳಲ್ಲಿ ಚಿನ್ನದ ಕಲ್ಲು ಒಡೆಯುತ್ತಿದ್ದರು ಎನ್ನುತ್ತಾರೆ. ಊರಗೌಡ ಸಂಗನಗೌಡನ ಹೆಂಡತಿ ಅಮರವ್ವನಿಗೆ ಇದ್ದದ್ದು ಒಂದೇ ಆಸೆ, ಊರಿಗೊಂದು ಕೆರೆ. ಗಂಡನನ್ನು ಕಾಡಿ ಬೇಡಿ, ತಾನೂ ಮಣ್ಣು ಹೊತ್ತು, ಏರಿ ಕಟ್ಟಿಸಿದಳು. ತಗ್ಗು ಎಲ್ಲಿದೆ ಎಂದು ಎಲ್ಲರೂ ನೋಡಿದರು. ಅದರ ಕೆಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ. ಕೆರೆ ಮೊದಲ ಸಲ ಕೋಡಿ ಬಿದ್ದ ದಿನ ಅಮರವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊರದಲ್ಲಿ ಬಳೆ, ರವಿಕೆಯ ಕಣ, ಅರಿಶಿನದ ಕೊಂಬು, ತಾನೇ ಹೊಸೆದು ಗಂಟು ಹಾಕಿದ ಅರಿಶಿನದ ದಾರ ಇಟ್ಟು ಗಂಗವ್ವನಿಗೆ ಬಾಗಿನ ಬಿಟ್ಟಳು.

ಕೆಲವು ವಾರ ಕಳೆದು, ಗಣಿಯಲ್ಲಿ ದುಡಿಯುತ್ತಿದ್ದ ಅವಳ ತಮ್ಮ ಗದ್ದೆಪ್ಪ ಓಡೋಡಿ ಬಂದ. ಸುರಂಗದ ನೆತ್ತಿಯ ಬಿರುಕಿನಿಂದ ನೀರು ಇಳಿಯುತ್ತಿತ್ತಂತೆ. ಅದರೊಂದಿಗೆ ಬಿದ್ದ ದಾರ ಅವನ ಅಂಗೈಯಲ್ಲಿತ್ತು. "ಅಕ್ಕಾ, ಗಂಗವ್ವ ನಿನ್ನ ಬಾಗಿನ ಒಪ್ಪ್ಯಾಳ. ನಮಗ ಪ್ರಸಾದ ಕಳಿಸ್ಯಾಳ ನೋಡು" ಎಂದ. ಕೆಳಗಿದ್ದವರೆಲ್ಲ ಆ ನೀರನ್ನು ಕಣ್ಣಿಗೊತ್ತಿಕೊಂಡು ಮತ್ತೆ ಉಳಿ ಹಿಡಿದಿದ್ದರು. ಅಮರವ್ವ ದಾರವನ್ನು ಹೊರಳಿಸಿ ನೋಡಿದಳು. ಗಂಟು ತನ್ನದೇ. ಇದು ಪ್ರಸಾದವಲ್ಲ, ತಾನು ಕಟ್ಟಿಸಿದ ಕೆರೆಯೇ ಆ ಮಂದಿಯ ತಲೆಯ ಮೇಲೆ ಇಳಿಯುತ್ತಿದೆ. "ಎಲ್ಲಾರ್ನೂ ಮ್ಯಾಲ ಕರಿ, ಹೋಗು" ಎಂದು ತಮ್ಮನನ್ನು ಅಟ್ಟಿ, ಏರಿ ಕಡಿಸಿರೆಂದು ಗಂಡನ ಮುಂದೆ ನಿಂತಳು.

"ಭತ್ತ ಹೊಡಿಗೆ ಬಂದೈತಿ, ತೆನಿ ಬಿಡೂ ಹೊತ್ತು. ಕೆರಿ ಒಡದ್ರ ಊರು ಉಣ್ಣೂದೇನು?" ಎಂದ ಗೌಡ.

"ಉಣ್ಣಾಕ ಮಂದಿ ಉಳೀಬೇಕಲ್ರಿ, ಗೌಡ್ರ."

ಕೆರೆ ಒಡೆಯುವುದು ಮಹಾಪಾಪವೆಂದು ನಂಬಿದ್ದ ಕಾಲ. ಗೌಡ ಕದಲಲಿಲ್ಲ. ಅವಳೇ ಗುದ್ದಲಿ ಹಿಡಿದು ಏರಿ ಹತ್ತಿದಳು. ಗಣಿಗೆ ಗಂಡ ಮಕ್ಕಳನ್ನು ಕಳಿಸಿದ್ದ ಹೆಂಗಸರು ಒಬ್ಬೊಬ್ಬರಾಗಿ ಹಿಂದೆ ಬಂದರು. ಅವರು ಕಡಿದದ್ದು ಒಂದು ಸಣ್ಣ ಕಾಲುವೆ. ಉಳಿದದ್ದನ್ನು ನೀರೇ ಕಡಿಯಿತು. ಕೆರೆ ಬರಿದಾಗುತ್ತಿದ್ದಂತೆ ಅದರ ಅಂಗಳದ ನಡುವಿನ ನೆಲ ಗುಡುಗಿ ಕುಸಿಯಿತು. ಸುರಂಗಕ್ಕೆ ಬಿದ್ದದ್ದು ಬರೀ ಕೆಸರು. ಕರೆದರೂ, ಪ್ರಸಾದ ಬಿಟ್ಟು ಹೇಗೆ ಬರುವುದೆಂದು ಒಳಗೇ ತಡೆದಿದ್ದ ಗಂಡಸರು ಮೈಯೆಲ್ಲ ಕೆಸರಾಗಿ, ಕಾಲ ಮೇಲೆ ನಡೆದು ಹೊರಬಂದರು; ಎಲ್ಲರಿಗಿಂತ ಕೊನೆಗೆ ಗದ್ದೆಪ್ಪ. ಪೈರು ಒಣಗಿತು, ಆ ವರ್ಷ ಊರು ಅಂಬಲಿ ಕುಡಿದು ಬದುಕಿತು. ಅಮರವ್ವ ಮಾತ್ರ ಒಡೆದ ಏರಿಯ ಮೇಲೆ ತಮ್ಮನನ್ನು ತಬ್ಬಿಕೊಂಡು, ಹೋದ ಕೆರೆಗಾಗಿ ಅತ್ತಳಂತೆ. ಕತೆಯಲ್ಲಿ ಬೇರೇನು ಸುಳ್ಳಾದರೂ ಈ ಅಳು ಸುಳ್ಳಿರಲಾರದು.

ಇಂದಿಗೂ ಸುತ್ತಲಿನ ಕೆರೆಗಳು ಕೋಡಿ ಬಿದ್ದಾಗ ಗಣಿಹಾಳದ ಹೆಣ್ಣುಮಕ್ಕಳು ಮೊರ ಹೊತ್ತು ಈ ಬಯಲಿಗೆ ಬರುತ್ತಾರೆ, ಹೊಂಡದ ಅಂಚಿನಲ್ಲಿ ಬಾಗಿನ ಇಡುತ್ತಾರೆ. ಅರಿಶಿನದ ದಾರವನ್ನು ಮಾತ್ರ ಅಲ್ಲಿ ಬಿಡುವುದಿಲ್ಲ. ಅದನ್ನು ತಮ್ಮನ ಮುಂಗೈಗೆ ಕಟ್ಟಿ, ಅವನನ್ನು ಮನೆಗೆ ಕರೆದುಕೊಂಡು ಹೋಗುತ್ತಾರೆ.