ಲಾಂಚಿಗೆ ಉಸಿರು

ಕೃಷ್ಣಾ ನದಿಯ ನಡುಗಡ್ಡೆಯಲ್ಲಿ ಒಂದು ಊರು. ಊರಿಗೆ ಒಂದೇ ಲಾಂಚು. ಅದನ್ನು ನಡೆಸುವವನು ಭರಮಪ್ಪ. ಅವನಿಗೆ ಇಂಜಿನ್ ವಿದ್ಯೆ ಕಲಿಸುತ್ತಿದ್ದವರು ಖಾಸೀಂಸಾಬರು. ಊರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿತ್ತು.

ಒಂದು ಬೆಳಿಗ್ಗೆ ಭರಮಪ್ಪ ಮುಖ ಸಣ್ಣದು ಮಾಡಿಕೊಂಡು ಬಂದ.

"ಉಸ್ತಾದ್, ಲಾಂಚು ಡೀಸೆಲ್ ಭಾಳ ಕುಡಿಯಾಕತ್ತೈತ್ರಿ. ಪಂಚಾಯ್ತಿ ಕೊಟ್ಟಿದ್ದು ತಿಂಗಳ ಮುಗಿಯೂತನಕ ಸಾಲವಲ್ದು. ಈ ಸಲಾನೂ ಹಿಂಗಾದ್ರ ಸಂಜಿ ಲಾಂಚ್ ಬಂದ್ ಅಂತ ಅಧ್ಯಕ್ಷರು ನೀಲವ್ವ ಹೇಳ್ಯಾರ."

ಸಂಜೆಯ ಲಾಂಚು ನಿಂತರೆ ಆಚೆ ದಡದ ಹೈಸ್ಕೂಲಿಗೆ ಹೋದ ಮಕ್ಕಳು, ಕೂಲಿಗೆ ಹೋದ ಹೆಂಗಸರು ಹರಿಗೋಲಿನಲ್ಲಿ ಮರಳಬೇಕು. ಮಳೆಗಾಲದ ಹೊಳೆಯಲ್ಲಿ ಹರಿಗೋಲು ಮಗುಚಿ ಭರಮಪ್ಪನ ಅಕ್ಕ ಕೊಚ್ಚಿಹೋಗಿದ್ದಳು. ಅದು ಉಸ್ತಾದರಿಗೂ ಗೊತ್ತಿತ್ತು.

"ನೀ ಏನ್ ಮಾಡಿದಿ?" ಎಂದರು.

"ಪಂಪಿನ ತಿರುಪು ತಿರುವಿ ಡೀಸೆಲ್ ಕಡಿಮಿ ಮಾಡಿದ್ನಿರಿ. ಇಂಜಿನ್ ಸೊರಗಿತು. ಅದಕ್ಕ ಜೋರು ರೇಸ್ ಮಾಡಿ ನಡಸ್ತೀನಿ. ಆದ್ರೂ ಕರೇ ಹೊಗಿ ನಿಲ್ಲವಲ್ದು."

ಉಸ್ತಾದರು ಹೆಗಲ ಮೇಲಿನ ಟವೆಲನ್ನು ಮಡಿಸಿ ಅವನ ಮೂಗು ಬಾಯಿಗೆ ಬಿಗಿದು ಕಟ್ಟಿದರು.

"ಘಾಟಿನ ಮೆಟ್ಟಲಾ ಓಡಿ ಹತ್ತು."

ಭರಮಪ್ಪ ಓಡಿದ. ಅರ್ಧ ಹತ್ತುವಷ್ಟರಲ್ಲಿ ಉಸಿರು ಸಾಲದೆ ಮೊಣಕಾಲು ಹಿಡಿದು ಕೂತ.

ಉಸ್ತಾದರು ಕೆಳಗಿನಿಂದಲೇ ಕೇಳಿದರು. "ಒಂದ್ ರೊಟ್ಟಿ ಕಡಿಮಿ ಕೊಟ್ಟಿದ್ರ ಓಡ್ತಿದ್ಯಾ?"

ಭರಮಪ್ಪ ಟವೆಲ್ ಬಿಚ್ಚಿದ. ನೇರ ಲಾಂಚಿಗೆ ಹೋದ.

ಆ ಇಂಜಿನ್ನಿನ ಪಕ್ಕದಲ್ಲಿ ಟರ್ಬೊ ಇತ್ತು. ಹೊರಗೆ ಹೋಗುವ ಹೊಗೆಯ ಬಲದಿಂದಲೇ ತಿರುಗಿ, ಒಳಗೆ ಗಾಳಿ ನೂಕುವ ಸಣ್ಣ ಚಕ್ರ ಅದು. ಭರಮಪ್ಪ ಅದರಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಬಾಯಿ ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಮೇಲೆಲ್ಲ ಸಾಬೂನು ನೀರು ಬಳಿದ. ಪಟ್ಟಿ ಬಿಗಿದಿದ್ದ ಜಾಗದ ಅಡಿಯಲ್ಲಿ ಬುಳುಬುಳು ನೊರೆ ಎದ್ದಿತು.

ಟರ್ಬೊ ನೂಕಿದ ಗಾಳಿ ಅಲ್ಲೇ ಸೋರಿಹೋಗುತ್ತಿತ್ತು.

ಅವನು ಹೊಸ ಕೊಳವೆ ಹಾಕಿದ. ಧೂಳು ತುಂಬಿದ್ದ, ಗಾಳಿ ಸೋಸುವ ಜಾಲರಿ ಬದಲಿಸಿದ. ಉಸ್ತಾದರು ಬಂದು ಡೀಸೆಲ್ ಪಂಪಿನ ತಿರುಪನ್ನು ಹಳೆಯ ಗುರುತಿಗೇ ತಂದು ನಿಲ್ಲಿಸಿದರು.

"ಡೀಸೆಲ್ ಮತ್ತ ಹೆಚ್ಚು ಮಾಡಿದ್ರೆಲ್ಲಾ?" ಎಂದು ಭರಮಪ್ಪ ಗಾಬರಿಯಾದ.

"ಉಸಿರಿದ್ದಾಂವ ಉಂಡದ್ದು ಮೈಗೆ ಹತ್ತತೈತಿ."

ಕಪ್ಪು ಹೊಗೆ ನಿಂತಿತು. ಲಾಂಚು ಹಗುರಾಗಿ ಓಡಿತು. ಆದರೂ ವಾರ ಕಳೆದ ಮೇಲೆ ಅಳೆದು ನೋಡಿದರೆ ಉಳಿತಾಯ ಅಂದುಕೊಂಡಷ್ಟು ಇರಲಿಲ್ಲ.

"ಇಂಜಿನ್ ಸರಿ ಐತ್ರಿ. ಇನ್ನೂ ಎಲ್ಲಿ ಸೋರಾಕತ್ತೈತಿ?"

ಉಸ್ತಾದರು ಅವನನ್ನು ಹರಿಗೋಲಿಗೆ ಹತ್ತಿಸಿ ಹುಟ್ಟು ಕೊಟ್ಟರು. ಅಕ್ಕ ಹೋದಂದಿನಿಂದ ಭರಮಪ್ಪನಿಗೆ ಹರಿಗೋಲೆಂದರೆ ಭಯ. ಆದರೂ ಕೂತ. ಎದುರು ದಡದ ಕಡೆಗೆ ನೇರವಾಗಿ, ಸೆಳೆತಕ್ಕೆ ಎದೆಕೊಟ್ಟು, ಮೈ ಬೆವರುವಂತೆ ಹುಟ್ಟು ಹಾಕಿದ. ಹರಿಗೋಲು ಗಿರಗಿರನೆ ಸುತ್ತಿತು. ದಡ ಹತ್ತಿರ ಬರಲೇ ಇಲ್ಲ.

ಉಸ್ತಾದರು ಹುಟ್ಟು ಇಸಿದುಕೊಂಡರು. ನೀರು ನಿಧಾನವಿರುವ ಅಂಚಿನಲ್ಲಿ ಮೇಲಕ್ಕೆ ಸಾಗಿ, ಅಲ್ಲಿಂದ ಓರೆಯಾಗಿ ಹೊಳೆಗೆ ಇಳಿಸಿದರು. ಒಂದೇ ಹದದಲ್ಲಿ, ಅವಸರವಿಲ್ಲದ ಕೈ. ಹೊಳೆಯೇ ಅವರನ್ನು ತಂದು ದಡಕ್ಕೆ ಮುಟ್ಟಿಸಿತು.

"ಹೊಳಿ ಕೂಡ ಜಗಳಾಡಾಕ ಎಷ್ಟು ಡೀಸೆಲ್ ಆದ್ರೂ ಸಾಲೂದಿಲ್ಲ, ಭರಮಾ. ದಾಟಾಕ ಒಂದೀಟು ಸಾಕು."

ಭರಮಪ್ಪ ತನ್ನ ಬಲಗೈ ನೋಡಿಕೊಂಡ. ದಿನವೂ ರೇಸ್ ಎಳೆಯುತ್ತಿದ್ದ ಕೈ.

ಆಮೇಲೆ ಅವನು ಇಂಜಿನ್ನಿನ ದನಿಗೆ ಕಿವಿ ಕೊಟ್ಟು ನಡೆಸಲು ಕಲಿತ. ಟರ್ಬೊ ಸಣ್ಣಗೆ ಶಿಳ್ಳೆ ಹಾಕುವ ಹದಕ್ಕೆ ತಂದು, ಅಲ್ಲೇ ಹಿಡಿದು, ಕೈ ಸಡಿಲ ಬಿಡುತ್ತಿದ್ದ.

ತಿಂಗಳ ಕೊನೆಯ ದಿನ ಬಂತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಾಗಿ ಉಬ್ಬುತ್ತಿತ್ತು. ಸಂಜೆ ಆಚೆ ದಡದಲ್ಲಿ ಮಕ್ಕಳು, ಹೆಂಗಸರು ಗುಂಪಾಗಿ ಕಾಯುತ್ತಿದ್ದರು. ಅವರ ನಡುವೆ ನೀಲವ್ವನೂ ನಿಂತಿದ್ದರು. ಲಾಂಚು ಬಂದೀತೆಂಬ ನಂಬಿಕೆ ಅವರಿಗೂ ಇರಲಿಲ್ಲ. ಪ್ರತಿ ತಿಂಗಳೂ ಇಷ್ಟೊತ್ತಿಗೆ ಬ್ಯಾರಲ್ ಬರಿದಾಗಿರುತ್ತಿತ್ತು.

ಲಾಂಚು ಬಂತು. ಹೊಗೆಯಿಲ್ಲದೆ, ಅಬ್ಬರವಿಲ್ಲದೆ, ನೆರೆಯನ್ನು ಓರೆಯಾಗಿ ಸೀಳಿಕೊಂಡು ಬಂತು. ಮಕ್ಕಳು ಕುಣಿದಾಡಿದರು. ಹೆಂಗಸರು ನೆರಿಗೆ ಎತ್ತಿಕೊಂಡು ನೀರಿಗೇ ಇಳಿದರು.

"ಡೀಸೆಲ್ ಎಲ್ಲೀದು?" ಎಂದರು ನೀಲವ್ವ.

"ನೀವು ಕೊಟ್ಟಿದ್ದರೀ. ಇನ್ನೂ ನಾಕು ದಿನಕ್ಕ ಆಗೂವಷ್ಟು ಐತಿ."

ನೀಲವ್ವ ಇಂಜಿನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಎಲ್ಲರಿಗೂ ಕೇಳುವಂತೆ ಹೇಳಿದರು. "ಸಂಜಿ ಲಾಂಚ್ ನಿಲ್ಲೂದಿಲ್ಲ. ಇನ್ನ ಈ ಊರಾಗ ಯಾರೂ ಹೊಳ್ಯಾಗ ಹರಿಗೋಲ ಹಾಕೂದು ಬ್ಯಾಡ."

ಭರಮಪ್ಪನ ಕಣ್ಣು ತುಂಬಿ ಬಂತು. ಅಕ್ಕ ಈ ಮಾತು ಕೇಳಬೇಕಿತ್ತು ಅನ್ನಿಸಿತು.

ಲಾಂಚು ತುಂಬಿತು. ಕತ್ತಲಾಗುತ್ತಿತ್ತು. ನೀರು ಇನ್ನೂ ಏರುತ್ತಿತ್ತು. ತುಂಬಿದ ಜನರನ್ನು ಕಂಡು ಅವನು ಚುಕ್ಕಾಣಿಯಿಂದ ಕೈ ತೆಗೆದ. ಜೊತೆಗೆ ಬಂದಿದ್ದ ಉಸ್ತಾದರ ಕಡೆ ತಿರುಗಿದ.

"ಉಸ್ತಾದ್, ಇಷ್ಟು ಮಂದಿ ಅದಾರ. ಸುಕ್ಕಾಣಿ ನೀವಾ ಹಿಡೀರಿ."

ಉಸ್ತಾದರು ಹೆಂಗಸರ ಬುಟ್ಟಿಗಳ ನಡುವೆ ಜಾಗ ಮಾಡಿಕೊಂಡು, ಜೋಳದ ಚೀಲಕ್ಕೆ ತಲೆಯಿಟ್ಟು, ಕಣ್ಣು ಮುಚ್ಚಿದರು.

"ನನಗ ನಿದ್ದಿ ಬಂದೈತಿ. ಊರು ಬಂದಾಗ ಎಬ್ಬಸು."